ಎಲ್ಲ ಫೈಲಿಗೂ ಒಂದೇ ಬಟನ್

ಸಂಜೆ ತರಗತಿಯಲ್ಲಿ ಕಲಿತ ಅಷ್ಟಿಷ್ಟು ಕಂಪ್ಯೂಟರ್ ಬಿಟ್ಟರೆ ನನಗೆ ಬೇರೆ ವಿದ್ಯೆಯಿಲ್ಲ. ಅಕ್ಕನ ವಿಷಯವನ್ನು ಹೀಗೆ ನಾಲ್ಕು ಜನರ ಮುಂದಿಡುವುದು ಸರಿಯೋ ಅಲ್ಲವೋ, ಅದೂ ತಿಳಿಯದು. ತಪ್ಪೆನಿಸಿದರೆ ಕ್ಷಮಿಸಿ.

ಅಕ್ಕ ದರ್ಜಿ. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಟಚ್ ಸ್ಕ್ರೀನಿನ ಲ್ಯಾಪ್‌ಟಾಪಿನಲ್ಲಿ ಅವಳಿಗಾಗಿ ಒಂದು ಪ್ರೆಸೆಂಟೇಶನ್ ಮಾಡಿದೆ. ಒಂದು ಸ್ಲೈಡು, ನಾಲ್ಕು ಚಿತ್ರ: ಊಟ, ಹೊದಿಕೆ, ಕಿಟಕಿ, ನೀರು. ಮುಟ್ಟಿದರೆ ಅದರ ಹೆಸರು ನನ್ನ ಧ್ವನಿಯಲ್ಲಿ ಕೇಳಿಸುತ್ತದೆ. ಚಿತ್ರಕ್ಕೆ ಧ್ವನಿ ಜೋಡಿಸಲು ಒಂದು ಮ್ಯಾಕ್ರೋ, ಅಂದರೆ ಪುಟ್ಟ ಪ್ರೋಗ್ರಾಮು, ಬರೆದಿದ್ದೆ. ಮೊದಲ ದಿನವೇ ಅಕ್ಕ ಎಡಗೈ ಎತ್ತಿ ನೀರನ್ನು ಮುಟ್ಟಿದಳು. ಲಿಫ್ಟ್ ರಿಪೇರಿ ಮಾಡುವ ಭಾವ ನೀರು ತರಲು ಓಡಿದ ರಭಸಕ್ಕೆ ಸ್ಟೂಲು ಉರುಳಿತು.

"ನೋಡಿದ್ಯಾ, ಮತ್ತೆ ನನ್ನ ಮೇಲೆ ದರ್ಬಾರು ಶುರು ಮಾಡಿದ್ಳು!" ಎಂದರು.

ನನಗೆ ಆಸೆ ಹೆಚ್ಚಿತು. ಆಸ್ಪತ್ರೆಗೊಂದು, ಹೊಲಿಗೆಗೊಂದು, ಮನೆಯವರ ಫೋಟೋಗಳದ್ದೊಂದು ಮಾಡಿದೆ. ಆದರೆ ಮ್ಯಾಕ್ರೋ ಇದ್ದದ್ದು ಮೊದಲ ಫೈಲಿನೊಳಗೆ ಮಾತ್ರ. ಪ್ರತಿಯೊಂದಕ್ಕೂ ಮತ್ತೆ ನಕಲು ಮಾಡಬೇಕು, ಮಾಡುವಾಗ ಏನಾದರೊಂದು ಕೆಡುತ್ತಿತ್ತು.

ಸಂಜೆ ತರಗತಿಯ ಮೇಷ್ಟ್ರು ನಕ್ಕರು. "ಅಲ್ಲಮ್ಮ, ಒಲೆ ಹಚ್ಚೋವಾಗೆಲ್ಲ ಹೊಸ ಬೆಂಕಿಪೊಟ್ಟಣ ತರ್ತೀಯಾ? ಅದನ್ನ ಆಡ್-ಇನ್ ಅಂತ ಸೇವ್ ಮಾಡಿ ಒಂದೇ ಸಲ ಲೋಡ್ ಮಾಡು. ಯಾವ ಪ್ರೆಸೆಂಟೇಶನ್ ತೆರೆದ್ರೂ ಅದನ್ನ ನಡೆಸೋ ಬಟನ್ ಮೇಲಿನ ಪಟ್ಟಿಯಲ್ಲೇ ಇರುತ್ತೆ. ಮೂಲ ಫೈಲ್ ಮಾತ್ರ ಜೋಪಾನ, ತಿದ್ದೋದೇನಿದ್ರೂ ಅದರಲ್ಲೇ."

ಬಟನ್ ಬಂತು, ಕೆಲಸ ಮಾಡಲಿಲ್ಲ. ಮ್ಯಾಕ್ರೋದೊಳಗೆ ಮೊದಲ ಫೈಲಿನ ಹೆಸರನ್ನೇ ಬರೆದುಬಿಟ್ಟಿದ್ದೆ. ಅದನ್ನು ತೆಗೆದು, ಈಗ ತೆರೆದಿರುವುದು ಯಾವುದೋ ಅದರ ಮೇಲೆ ನಡೆಯುವಂತೆ ತಿದ್ದಿದೆ. ಎಲ್ಲ ಫೈಲುಗಳೂ ಮಾತಾಡಿದವು.

ಭಾನುವಾರ ಅಕ್ಕನ ಮುಂದೆ ಒಂದೊಂದಾಗಿ ತೆರೆದೆ. ಹೊಲಿಗೆಯದರಲ್ಲಿ ದಾರ ಮುಟ್ಟಿದಳು. ಆಸ್ಪತ್ರೆಯದರಲ್ಲಿ ಹೊಟ್ಟೆನೋವು. ಫೋಟೋಗಳಲ್ಲಿ ನನ್ನನ್ನು.

"ಏನೇ, ಗಂಡ ಬೇಡ್ವಾ?" ಎಂದು ಭಾವ ಕೀಟಲೆ ಮಾಡಿದರು.

ನನಗೆ ನಗು ಬರಲಿಲ್ಲ. ಎಲ್ಲದರಲ್ಲೂ ಬೆರಳು ಬಿದ್ದದ್ದು ಎಡಗಡೆಯ ಕೆಳಮೂಲೆಗೆ. ಮೊದಲ ಫೈಲಿನಲ್ಲಿ ಅಲ್ಲಿದ್ದದ್ದು ನೀರು. ಅದನ್ನು ಮೇಲೆ ಸರಿಸಿ, ಆ ಜಾಗಕ್ಕೆ ಕಿಟಕಿ ಇಟ್ಟು ತೋರಿಸಿದೆ. ಬೆರಳು ಅಲ್ಲೇ ಬಿತ್ತು. "ಕಿಟಕಿ" ಎಂದಿತು ನನ್ನ ಧ್ವನಿ.

"ಭಾವ, ಅಕ್ಕ ಚಿತ್ರ ನೋಡ್ತಾನೇ ಇಲ್ಲ. ಕೈಗೆ ಎಟುಕಿದ ಕಡೆ ಒತ್ತುತ್ತಾಳೆ ಅಷ್ಟೆ."

"ಸಾಕು ಸುಮ್ನಿರು, ದೊಡ್ಡ ಇಂಜಿನಿಯರಮ್ಮ. ಮೊದಲು ಹೆಂಗಿತ್ತೋ ಹಂಗೇ ಇಡು."

ಇಟ್ಟೆ. ಅಕ್ಕ ಒತ್ತಿದಳು. ಭಾವ ಲೋಟ ತಂದು ತುಟಿಗೆ ಹಿಡಿದರು. ಅವಳು ಕುಡಿದಳು, ಅರ್ಧ ಎದೆಯ ಮೇಲೆ ಸುರಿಯಿತು.

ಈಗಲೂ ಹಾಗೆಯೇ ನಡೆಯುತ್ತಿದೆ. ಅವಳಿಗೆ ಬಾಯಾರಿರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಭಾವ ನಿಜಕ್ಕೂ ನಂಬಿದ್ದಾರೋ ಏನೋ, ಅದೂ ಗೊತ್ತಿಲ್ಲ. ಕೇಳಲು ಬಾಯಿ ಬಂದಿಲ್ಲ.