ಬಾಲದ ತುದಿ

ಬೋನಿನಲ್ಲಿ ಕಾಡುಬೆಕ್ಕು ಬಿದ್ದಿರುವುದನ್ನು ನಾವಿಬ್ಬರೂ ಟ್ರಕ್ಕಿನಿಂದಲೇ ಕಂಡೆವು.

"ಅದೇ ಕಣೇ, ನನ್ ಗಂಡು ಬಾಬ್‌ಕ್ಯಾಟು," ಎಂದ ಆರ್ಮಾಂಡ್. "ಹೋಗು, ಕೆಲಸ ಮುಗಿಸು."

ಅವನ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದ್ದರಿಂದ ಈ ಚಳಿಗಾಲ ಬೋನುಗಳನ್ನು ನೋಡಿಬರುವ ಕೆಲಸ ನನ್ನದಾಗಿತ್ತು. ಹಿಮದಲ್ಲಿ ಅಂಗೈಯಗಲದ ಹೆಜ್ಜೆ ಕಂಡಂದಿನಿಂದ ಅವನಿಗೆ ಬೇರೆ ಮಾತೇ ಇರಲಿಲ್ಲ. ಕಣಿವೆಯಲ್ಲಿ ಇದುವರೆಗೆ ಯಾರೂ ಹಿಡಿದಿರದಷ್ಟು ದೊಡ್ಡ ಗಂಡು ಎಂದು ಪೂಜೆ ಮುಗಿಸಿ ಚರ್ಚಿನಿಂದ ಹೊರಬಂದವರಿಗೆಲ್ಲ ಹೇಳಿದ್ದ.

ನಾನು ಬಂದೂಕು ಹಿಡಿದು ಇಳಿದೆ. ಹಿಮ ಮೊಣಕಾಲಿನವರೆಗೆ ಇತ್ತು.

ಬಾಬ್‌ಕ್ಯಾಟನ್ನು ಹಿಡಿಯಲು ನಮಗೆ ಪರವಾನಗಿ ಇದೆ. ನೋಡಲು ಅದರಂತೆಯೇ ಇರುವ, ಆದರೆ ಕಾನೂನಿನ ರಕ್ಷಣೆಯಿರುವ ಲಿಂಕ್ಸ್ ಬಿದ್ದರೆ ಮುಟ್ಟದೆ ವನ್ಯಜೀವಿ ವಾರ್ಡನ್‌ಗೆ ತಿಳಿಸಬೇಕು. ಕೊಂದರೆ ಪರವಾನಗಿಯೂ ಹೋಗುತ್ತದೆ, ಮಾನವೂ ಹೋಗುತ್ತದೆ. ಇದು ಆರ್ಮಾಂಡ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ತುಂಬ ಆಸೆಪಟ್ಟ ವಸ್ತು ಎದುರಿಗೆ ಬಂದಾಗ ಅವನು ನೋಡುವುದನ್ನು ನಿಲ್ಲಿಸಿಬಿಡುತ್ತಾನೆ. ಮದುವೆಯಾದ ಮೇಲೆ ನಾನು ಕಲಿತ ಮೊದಲ ಪಾಠ ಅದು.

ಬೆಕ್ಕು ಬಾಲದ ಮೇಲೆ ಕೂತಿತ್ತು. ಕಿವಿಯ ತುದಿಯ ಕಪ್ಪು ಕೂದಲು ಲಿಂಕ್ಸ್‌ಗಿರುವಂತೆ ಉದ್ದವಿತ್ತು, ಆದರೆ ಬಾಬ್‌ಕ್ಯಾಟ್‌ಗೂ ಸ್ವಲ್ಪ ಇರುತ್ತದೆ. ನಾನು ನಿಂತೇ ಇದ್ದೆ.

"ಏನೇ, ಮದುವೆ ಮಾತುಕತೆ ನಡೆಸ್ತಿದ್ದೀಯಾ ಅದರ ಜೊತೆ?" ಎಂದು ಕಿಟಕಿಯಿಂದ ಕೂಗಿದ.

"ಅದು ಏಳಲಿ ಅಂತ ಕಾಯ್ತಿದೀನಿ."

"ಓಡೆಟ್, ಚಳಿ ಆಗ್ತಿದೆ ನಂಗೆ."

"ಕಿಟಕಿ ಹಾಕ್ಕೋ."

ಅವನು ತಂದ ಬೆಕ್ಕುಗಳ ಚರ್ಮವನ್ನು ಹಲಗೆಗೆ ಬಿಗಿದು, ಬಾಲದವರೆಗೆ ಬಾಚಿ ನಯ ಮಾಡಿದ್ದು ಇಷ್ಟು ವರ್ಷ ನನ್ನ ಕೈ. ಬಾಬ್‌ಕ್ಯಾಟಿನ ಬಾಲದ ತುದಿ ಮೇಲೆ ಕಪ್ಪು, ತಿರುಗಿಸಿದರೆ ಬಿಳಿ. ನನ್ನ ಬೆರಳಿಗೆ ಅದು ಅಭ್ಯಾಸವಾಗಿಹೋಗಿತ್ತು. ಯಾರೂ ಕೇಳಿರಲಿಲ್ಲವಾದ್ದರಿಂದ ಅದನ್ನು ತಿಳಿವಳಿಕೆ ಎಂದು ನಾನೂ ಎಣಿಸಿರಲಿಲ್ಲ.

ಕೊನೆಗೆ ಬೆಕ್ಕು ಎದ್ದು ತಿರುಗಿತು. ಹಿಂಗಾಲು ಉದ್ದ, ಸೊಂಟ ಎತ್ತರ. ಮೋಟು ಬಾಲದ ತುದಿ ಮಸಿಯಲ್ಲಿ ಅದ್ದಿದಂತೆ ಸುತ್ತಲೂ ಕಪ್ಪು.

ನಾನು ಬಂದೂಕಿನಿಂದ ಗುಂಡು ತೆಗೆದು ಟ್ರಕ್ಕಿಗೆ ಮರಳಿದೆ.

"ಲಿಂಕ್ಸ್ ಅದು. ಫೋನ್ ಕೊಡು."

"ನಿಂಗೇನ್ ಗೊತ್ತು? ಬಾಬ್‌ಕ್ಯಾಟ್‌ಗೆ ಹೆದರಿ ವಾರ್ಡನ್‌ನ ಕರೆಸ್ದ ಅಂತ ಊರೆಲ್ಲ ಆಡ್ಕೊಳಲ್ವಾ ನನ್ನ?"

"ಆಡ್ಕೊಳ್ಳಲಿ. ಬಾಲದ ಕೆಳಗೂ ಕಪ್ಪು. ನಾನು ನೋಡ್ದೆ, ನೀನು ನೋಡಿಲ್ಲ."

ಅವನು ನನ್ನ ಮುಖ ನೋಡಿದ. ನಾನು ಚಾಚಿದ ಕೈ ಹಿಂತೆಗೆಯಲಿಲ್ಲ. ಫೋನ್ ಕೊಟ್ಟ.

ವಾರ್ಡನ್ ಹೆಂಗಸು ಬಂದವಳು ಬೋನಿನ ಸುತ್ತ ಒಂದು ಸಲ ನಡೆದು, "ಹೌದು, ಲಿಂಕ್ಸೇ," ಎಂದು ಬಾಗಿಲೆತ್ತಿದಳು. ಆರ್ಮಾಂಡ್ ಊರುಗೋಲು ಹಿಡಿದು ಇಳಿದು ಬಂದು ನನ್ನ ಪಕ್ಕ ನಿಂತ. ಬೆಕ್ಕು ಅವಸರವಿಲ್ಲದೆ ಹೊರಬಂತು. ನಾನು ಹೂತುಕೊಂಡು ನಡೆದ ಹಿಮದ ಮೇಲೆಯೇ, ರೋಮ ತುಂಬಿದ ಅಗಲವಾದ ಪಾದಗಳನ್ನಿಟ್ಟು, ಮುಳುಗದೆ ದೇವದಾರು ಮರಗಳ ಕಡೆ ಹೋಯಿತು.

"ಭಾರಕ್ಕೆ ದೊಡ್ಡ ಹೆಜ್ಜೆ ಅಂದ್ಕೊಂಡಿದ್ದೆ," ಎಂದ. "ಅದರಲ್ಲಿ ಭಾರವೇ ಇಲ್ಲ."

ನಾನು ಅವನ ತೋಳು ಹಿಡಿದು ಟ್ರಕ್ಕಿಗೆ ಹತ್ತಿಸಿದೆ.

ನಾನು ಟ್ರಕ್ಕು ಹೊರಡಿಸಿದೆ, ಅವನು ಕಿಟಕಿ ಏರಿಸಿದ. "ತೊರೆ ಹತ್ರ ಇನ್ನೊಂದು ಬೋನಿದೆ. ಏನ್ ಬಿದ್ದಿದೆಯೋ ನೋಡಿ ಬಂದು ಹೇಳು," ಎಂದ. "ನಾನು ಇಲ್ಲಿಂದ ಕೂಗಲ್ಲ."