ಅತ್ತೆ ಒಣಹಾಕಿದ ಸ್ಕ್ರೀನು

ಸಿಂದಗಿಯಲ್ಲಿ ಬಟ್ಟೆಚೀಲಗಳ ಮೇಲೆ ಚಿತ್ರ ಅಚ್ಚು ಹಾಕುವ ಕೆಲಸ ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಒಂದೇ ಸ್ಕ್ರೀನು. ಮರದ ಚೌಕಟ್ಟಿಗೆ ಬಿಗಿದ ತೆಳ್ಳನೆಯ ಜಾಳಿಗೆಬಟ್ಟೆ, ಅಷ್ಟೇ. ಒಂದು ಕೆಲಸ ಮುಗಿದ ಮೇಲೆ ಬಣ್ಣ ಒರೆಸಿ, ಬ್ಲೀಚಿಂಗ್ ಪೌಡರಿನ ನೀರು ಹಾಕಿ ತಿಕ್ಕಿ ಹಳೆಯ ಚಿತ್ರ ಅಳಿಸಿದರೆ ಮಾತ್ರ ಮುಂದಿನ ಚಿತ್ರ. ಹೊಸದಾಗಿ ಕಲಿತವಳು, ತಿಕ್ಕಿ ತಿಕ್ಕಿ ಅಂಗೈ ಸುಲಿಯುತ್ತಿತ್ತು. ನಮ್ಮತ್ತೆ ರೇಣವ್ವ ಅದನ್ನು ನೋಡಿ, ಇಷ್ಟು ಪಾತ್ರೆ ತಿಕ್ಕಿದ್ದರೆ ಅಡುಗೆಮನೆಯಾದರೂ ಬೆಳಗುತ್ತಿತ್ತು ಎನ್ನುತ್ತಿದ್ದರು.

ಅವರ ಸಿಟ್ಟೆಲ್ಲ ಖೋಲಿಯದು. ನಾನು ಕೆಲಸಕ್ಕೆ ಹಿಡಿದ, ಮನೆಯ ಹಿಂಬದಿಯ ಆ ಕೋಣೆ ಮೊದಲು ಅವರ ಮೆಣಸಿನಕಾಯಿ ಚೀಲಗಳದ್ದಾಗಿತ್ತು. ಜಗಳಾಡಿ ಜಗಳಾಡಿ ಕೊನೆಗೆ ಒಂದು ಮಾತಾಯಿತು. ನಿಂಬೆಗೆ ಹೆಸರಾದ ಇಂಡಿ ಊರಿನ ಶ್ರೀಶೈಲಪ್ಪನವರು ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಬಂದವರಿಗೆ ಕೊಡಲು ತೊಟ್ಟಿಲಿನ ಚಿತ್ರವಿರುವ ಚೀಲಗಳನ್ನು ಮಾಡಿಕೊಡಲು ಹೇಳಿದ್ದರು. ಅವರು ಮೆಚ್ಚಿ ಒಯ್ದರೆ ಖೋಲಿ ನನ್ನದು, ಬೇಡವೆಂದರೆ ಮೆಣಸಿನಕಾಯಿಯದು.

ಕಾರ್ಯದ ಹಿಂದಿನ ದಿನ ಸಂಜೆ ಅವರು ಒಯ್ಯಲು ಬರುವವರಿದ್ದರು. ಅಂದು ಬೆಳಿಗ್ಗೆ ಸ್ಕ್ರೀನು ತೊಳೆದು, ಹಸಿರು ಮದ್ದು ಸವರಿ, ಕತ್ತಲಲ್ಲಿ ಆರಲೆಂದು ಹೊದೆಯುವ ಕೌದಿಯ ಕೆಳಗೆ ಇಟ್ಟೆ. ಈ ಮದ್ದು ಬಿಸಿಲು ಬಿದ್ದಲ್ಲಿ ಗಟ್ಟಿಯಾಗುತ್ತದೆ, ನೆರಳಿದ್ದಲ್ಲಿ ನೀರಿಗೆ ತೊಳೆದುಹೋಗುತ್ತದೆ. ತೊಳೆದುಹೋದ ಜಾಗದಿಂದ ಬಣ್ಣ ಇಳಿದು ಚಿತ್ರ ಮೂಡುತ್ತದೆ. ತೊಟ್ಟಿಲಿನ ನೆರಳು ಬೀಳಿಸುವ ಹಾಳೆ ತರಲು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿ ಕರೆಂಟಿಲ್ಲದೆ ಮಧ್ಯಾಹ್ನವೆಲ್ಲ ಕಳೆಯಿತು.

ಕೊನೆಗೆ ಹಾಳೆ ಹಿಡಿದು ಬಂದು ನೋಡಿದರೆ ಕೌದಿ ನೀಟಾಗಿ ಮಡಚಿಟ್ಟಿತ್ತು, ಸ್ಕ್ರೀನು ಇರಲಿಲ್ಲ. ಮಾಳಿಗೆ ಹತ್ತಿದೆ. ಇನ್ನೂ ಇಳಿಯದ ಬಿಸಿಲಿನಲ್ಲಿ ನನ್ನ ಸ್ಕ್ರೀನು, ಅದರ ಮೇಲೆ ಕೆಂಪು ಮೆಣಸಿನಕಾಯಿ. ಪಕ್ಕದಲ್ಲಿ ಅತ್ತೆ ಸೆರಗು ಹೊದ್ದು ಕಾಗೆ ಕಾಯುತ್ತ ಕೂತಿದ್ದರು.

“ಇಷ್ಟು ಚೊಲೋ ಸಾಣಿಗಿ ಕೌದ್ಯಾಗ ಯಾಕ ಮಲಗಿಸಿದ್ದಿ?” ಎಂದರು.

ನನಗೆ ಮೈಯೆಲ್ಲ ಉರಿಯಿತು. ಕೆಳಗೆ ತಂದು ನೀರು ಹೊಯ್ದೆ. ಮೆಣಸಿನಕಾಯಿ ಬಿದ್ದಿದ್ದಲ್ಲಿ ಮದ್ದು ಬಿಟ್ಟು, ಒಂದೊಂದು ಕಾಯಿಯೂ ತೊಟ್ಟು ಸಹಿತ ಚಿತ್ರವಾಗಿ ಎದ್ದಿತು. ಉಳಿದ ಮದ್ದು ಕಲ್ಲಾಗಿತ್ತು. ಅದನ್ನು ತಿಕ್ಕಿ ತೆಗೆದು, ಮತ್ತೆ ಸವರಿ ಆರಿಸುವಷ್ಟರಲ್ಲಿ ಬಿಸಿಲೇ ಇಳಿದಿರುತ್ತದೆ. ನೋಡಿರಿ ನಿಮ್ಮ ಕೆಲಸ ಎಂದು ತೋರಿಸಲಿಕ್ಕೆ ಒಂದು ಚೀಲದ ಮೇಲೆ ಸ್ಕ್ರೀನಿಟ್ಟು ಕೆಂಪು ಬಣ್ಣ ಎಳೆದೆ. ಅತ್ತೆ ನಾಚಲಿಲ್ಲ. ಚೀಲ ಎತ್ತಿ ಹಿಡಿದು, ಇವು ನಮ್ಮ ಹೊಲದ ಕಾಯಿಯೇ ಎಂದು ಗುರುತು ಹಿಡಿದರು.

ಅಷ್ಟರಲ್ಲಿ ಶ್ರೀಶೈಲಪ್ಪನವರ ಗಾಡಿ ಬಾಗಿಲಿಗೆ ಬಂತು. ಒಳಗೆ ಬಂದವರೇ ಚೀಲ ನೋಡಿ, ತೊಟ್ಟಿಲೆಲ್ಲಿ ಎಂದು ಕೇಳಿದರು. ಖೋಲಿ ಹೋಯಿತು ಎಂದು ನನಗೆ ಅಳುವೇ ಬಂತು. ಕೂಸಿನ ಕಾರ್ಯಕ್ಕೆ ಈ ಹಾಳು ಮೆಣಸಿನಕಾಯಿ ಯಾರು ಕೇಳಿದ್ದರು ಎಂದು ಅವರು ಚೀಲವನ್ನು ಬದಿಗೆ ಸರಿಸಿದರು.

ಅತ್ತೆ ಸುಮ್ಮನಿದ್ದಿದ್ದರೆ ಖೋಲಿ ಅವರ ಕೈ ಸೇರುತ್ತಿತ್ತು. ಆದರೆ ತಮ್ಮ ಮೆಣಸಿನಕಾಯಿಗೆ ಹಾಳು ಎಂದದ್ದು ಅವರಿಗೆ ಚುಚ್ಚಿತು.

“ಸಾವ್ಕಾರ್ರ, ನೀವು ಇಂಡಿಯವರು, ಚೀಲದಾಗ ನಿಂಬಿಹಣ್ಣು ಇಟ್ಟೇ ಇಡ್ತೀರಿ. ನಿಂಬಿಹಣ್ಣ ನಿಮ್ದು, ಮೆಣಸಿನಕಾಯಿ ನಮ್ದು. ಇನ್ನ ಕೂಸಿಗೆ ಯಾರ ದೃಷ್ಟಿ ತಾಗ್ತೈತಿ ಹೇಳ್ರಿ?”

ಶ್ರೀಶೈಲಪ್ಪನವರು ಮೀಸೆ ತಿರುವಿದರು. ಇಂಥ ಚೀಲ ಇಂಡಿಯಲ್ಲಿ ಬೇರೆ ಯಾರೂ ಹಂಚಿಲ್ಲವಷ್ಟೇ ಎಂದು ಕೇಳಿದರು. ಅತ್ತೆ, ವಿಜಯಪುರದಲ್ಲೂ ಹಂಚಿಲ್ಲ ಎಂದು ಆಣೆಯಿಟ್ಟು ಹೇಳಿದರು. ಆ ಮಾತಿಗೆ ಅವರು ಕರಗಿದರು. ಕೂತು ಚಹಾ ಕುಡಿದು, ಎಲ್ಲ ಚೀಲಕ್ಕೂ ಮೆಣಸಿನಕಾಯಿ ಹಾಕಿಸಿಕೊಂಡು ಒಯ್ದರು.

ಖೋಲಿ ಗೆದ್ದ ಖುಷಿಯಲ್ಲಿ ಮರುದಿನ ಸ್ಕ್ರೀನು ತೊಳೆಯಲು ಬಕೆಟ್ ತುಂಬಿಕೊಂಡೆ. ಅತ್ತೆ ಸ್ಕ್ರೀನನ್ನು ಕಸಿದುಕೊಂಡು ಎದೆಗವಚಿಕೊಂಡರು. ಖೋಲಿ ನನ್ನದೆಂದು ಮಾತಾಗಿದೆಯಲ್ಲ ಎಂದು ನೆನಪಿಸಿದೆ.

“ಖೋಲಿ ನಿಂದ ಐತಿ, ಯಾರು ಇಲ್ಲಂದ್ರು? ಆದ್ರ ಇದಕ್ಕ ನೀರು ಮುಟ್ಟಿಸಬ್ಯಾಡ. ಚಿತ್ರಾ ನಂದು.”

ಹಾಗೆಂದು ತಾವು ಮಲಗುವ ಹೊರಸನ್ನು ಎಳೆದು ಖೋಲಿಯೊಳಗೆ ಹಾಕಿಕೊಂಡರು. ಸಂಜೆಯೊಳಗೆ ಮೆಣಸಿನಕಾಯಿ ಚೀಲಗಳೂ ಹಿಂದೆಯೇ ಬಂದವು. ಹೊಸ ಸ್ಕ್ರೀನು ತಂದರೆ ಅದರ ಚಿತ್ರಕ್ಕೆ ಇಲ್ಲೇ ಕೂತು ಚೊಲೋ ಕಾಯಿ ಆರಿಸಬೇಕಂತೆ.