ಎರಡನೇ ಹ್ಯಾಂಡಲ್

ಗಾಲಿಗೂ ಬ್ರೇಕ್ ಶೂಗೂ ನಡುವೆ ಎಡಗೈ ಸಿಕ್ಕಿಕೊಂಡಾಗ ಮಾರಿಸ್ ಝೆಲ್ನಿಕ್‌ಗೆ ಮೊದಲು ನಾಚಿಕೆಯಾಯಿತು. ಜೀವಮಾನವಿಡೀ ಔಷಧಿ ಅಂಗಡಿ ನಡೆಸಿದವನು, ಸಾಸಿವೆಯಷ್ಟು ಸಣ್ಣ ಮಾತ್ರೆಯನ್ನೂ ನೋಡದೆಯೇ ಸರಿಯಾಗಿ ಎರಡು ಹೋಳು ಮಾಡಬಲ್ಲವನು, ಈಗ ಹಳೆಯ ಸುರಂಗ ರೈಲಿನ ಬೋಗಿಯ ಕೆಳಗಿನ ರಿಪೇರಿ ಗುಂಡಿಯಲ್ಲಿ ತುದಿಗಾಲ ಮೇಲೆ ನಿಂತು ತನ್ನದೇ ಕೈಗವಸಿನೊಡನೆ ಗುದ್ದಾಡುತ್ತಿದ್ದ. ಹೊಸ ಶೂ ಎಳೆಗೂಸಿಗಿಂತ ಭಾರವಾದ, ಬಾಗಿದ ಎರಕದ ತುಂಡು. ಗಾಲಿಯನ್ನು ಅದುಮಿ ಗಾಡಿ ನಿಲ್ಲಿಸುವುದೇ ಅದರ ಕೆಲಸ. ಅದು ಅರ್ಧ ಕೂತು ಜಾರಿತ್ತು. ಜಾರುವಾಗ ಅದರ ಬೆಣೆ ಕೈಗವಸಿನ ಚರ್ಮವನ್ನು ಕಚ್ಚಿ ಹಿಡಿದಿತ್ತು. ಮಣಿಕಟ್ಟಿನ ಪಟ್ಟಿಯನ್ನು ಬೆಳಿಗ್ಗೆ ತಾನೇ ಬಿಗಿದುಕೊಂಡಿದ್ದ. ಅದರ ಬಕಲ್ ಈಗ ಗಾಲಿಯ ಆ ಬದಿಗೆ ಹೊರಳಿಕೊಂಡು ಬಲಗೈಗೆ ಎಟುಕುತ್ತಿರಲಿಲ್ಲ. ನೋವೇನೂ ಇರಲಿಲ್ಲ. ಬೆರಳಾಡಿಸುವಷ್ಟು ಜಾಗವಿತ್ತು. ಕಾಫಿ ತರಲು ಹೋದ ಉಸ್ತುವಾರಿ ಡಾಟ್ ಬಂದು ಬಿಡಿಸುತ್ತಾಳೆ, ಆಮೇಲೆ ಕ್ರಿಸ್‌ಮಸ್‌ವರೆಗೂ ಆಡಿಕೊಂಡು ನಗುತ್ತಾಳೆ ಅಂದುಕೊಂಡ.

ಆಗ ತಲೆಯ ಮೇಲೆ ಹೆಜ್ಜೆ ಸದ್ದು ಕೇಳಿಸಿತು.

ಒಂದು ಕಾಲು ಗಟ್ಟಿಯಾಗಿ ಊರುವುದು, ಇನ್ನೊಂದು ಎಳೆದುಕೊಂಡು ಬರುವುದು. ವೆಂಡೆಲ್ ಗಿಟನ್ಸ್. ಇಷ್ಟು ಹೊತ್ತು ಗೋದಾಮಿನ ಬಾಗಿಲ ಹತ್ತಿರ ಹೀಟರಿನ ಮುಂದೆ ಪೇಪರ್ ಹಿಡಿದು ಕೂತಿದ್ದವನು ಎದ್ದು ಬೋಗಿ ಹತ್ತಿದ್ದ. ಬೆತ್ತದ ಸೀಟುಗಳ ನಡುವೆ ನಿಧಾನವಾಗಿ ಮುಂದಕ್ಕೆ ಬರುತ್ತಿದ್ದ. ಮಾರಿಸ್ ಕೂಗಲು ಬಾಯಿ ತೆರೆದ. ಮುದುಕನಿಗೆ ಗುಂಡಿಗಿಳಿದು ಬಕಲ್ ಬಿಚ್ಚುವುದು ಆಗುತ್ತದೆಯೋ ಇಲ್ಲವೋ ಎಂದು ಸುಮ್ಮನಾದ.

ಬ್ರೂಕ್ಲಿನ್‌ನ ಹಡಗುಕಟ್ಟೆಯ ಈ ಹಳೆಯ ಗೋದಾಮಿನಲ್ಲಿ ಶನಿವಾರ ಸೇರುವ ಕ್ಲಬ್ಬಿನವರಲ್ಲಿ ಗುಮಾಸ್ತರು, ಮೇಷ್ಟರು, ಒಬ್ಬ ಹಲ್ಲಿನ ಡಾಕ್ಟರು, ಎಲ್ಲ ಇದ್ದರು. ಚಿಕ್ಕಂದಿನಲ್ಲಿ ಹತ್ತಿದ ಗಾಡಿಗಳ ಹುಚ್ಚು ಬಿಡದವರು. ಗುಜರಿಗೆ ಹೋಗುತ್ತಿದ್ದ ಈ ಬೋಗಿಯನ್ನು ತಂದು, ತುಕ್ಕು ಕೆರೆದು, ಬಣ್ಣ ಹೊಡೆದು, ಭಾನುವಾರಗಳಲ್ಲಿ ನೀರಿನಂಚಿನ ತುಂಡು ಹಳಿಯ ಮೇಲೆ ಜನರನ್ನು ಕೂರಿಸಿಕೊಂಡು ಓಡಿಸುತ್ತಿದ್ದರು. ಅವರಲ್ಲಿ ಇಂಥ ಗಾಡಿ ಓಡಿಸಿ ಅನ್ನ ತಿಂದವನು ವೆಂಡೆಲ್ ಒಬ್ಬನೇ. ಬಾರ್ಬಡೋಸ್‌ನಿಂದ ಬಂದು, ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿ, ತಲೆ ನೆರೆಯುವವರೆಗೆ ಸುರಂಗದಲ್ಲೇ ಇದ್ದವನು. ಆಗಿನ ವಾಡಿಕೆಗಳನ್ನು ಇವರಿಗೆ ಕಲಿಸಿದವನೂ ಅವನೇ. ಅದರಲ್ಲಿ ಮೊದಲನೆಯದು ಹ್ಯಾಂಡಲ್ಲಿನದು. ಬ್ರೇಕಿನ ಹಿತ್ತಾಳೆ ಹ್ಯಾಂಡಲ್ ಗಾಡಿಗೆ ಅಂಟಿಕೊಂಡಿರುವುದಲ್ಲ, ಡ್ರೈವರ್‌ನದು. ಕೂತಾಗ ಹಾಕಬೇಕು, ಏಳುವಾಗ ಕಿತ್ತುಕೊಳ್ಳಬೇಕು. ಹ್ಯಾಂಡಲ್ ಜೇಬಲ್ಲಿ ಇದೆ ಎಂದರೆ ಗಾಡಿ ಸತ್ತಂತೆ.

ಮಾರಿಸ್‌ನ ಜೇಬಲ್ಲಿ ಅದಿತ್ತು. ತೊಡೆಗೆ ಒತ್ತುತ್ತಿತ್ತು. ಅದರ ಧೈರ್ಯದ ಮೇಲೇ ಅವನು ಬ್ರೇಕನ್ನು ಒತ್ತುವ ಟ್ಯಾಂಕಿನ ಗಾಳಿ ಹೊರಬಿಡದೆ ಗುಂಡಿಗಿಳಿದಿದ್ದ. ಗಾಡಿಯ ಕೆಳಗೆ ಯಾರಾದರೂ ಇದ್ದರೆ ಮುಂದುಗಡೆ ನೀಲಿ ಬಾವುಟ ನೆಡಬೇಕೆಂಬುದು ಡಾಟ್‌ಳ ಕಟ್ಟಪ್ಪಣೆ. ಬಾವುಟ ಎದುರಿನ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಐದು ನಿಮಿಷದ ಕೆಲಸ ಅಂದುಕೊಂಡಿದ್ದ.

ಮೇಲೆ ಡ್ರೈವರನ ಗೂಡಿನ ಬಾಗಿಲು ಸರಿಯಿತು. ಸ್ಟೂಲು ಕಿರುಗುಟ್ಟಿತು. ಆಮೇಲೆ ಹಿತ್ತಾಳೆ ಹಿತ್ತಾಳೆಗೆ ಕೂರುವ, ಅವನು ನೂರಾರು ಸಲ ಕೇಳಿದ್ದ, ಕೇಳಿ ಸುಖಪಟ್ಟಿದ್ದ ಸದ್ದು. ಟಕ್.

ಮಾರಿಸ್ ತನ್ನ ಜೇಬು ಮುಟ್ಟಿ ನೋಡಿಕೊಂಡ. ಹ್ಯಾಂಡಲ್ ಅಲ್ಲೇ ಇತ್ತು.

ಕ್ಲಬ್ಬಿನವರಲ್ಲಿ ಯಾರ ಮನೆಯಲ್ಲಿ ಹ್ಯಾಂಡಲ್ ಇಲ್ಲ? ಸಂತೆಗಳಲ್ಲಿ, ಹರಾಜುಗಳಲ್ಲಿ ಹುಡುಕಿ ಹುಡುಕಿ ತಂದು, ಹೊಳಪು ಹಾಕಿ ಗೋಡೆಗೆ ತಗುಲಿಸಿದ್ದರು. ಮಾರಿಸ್‌ನ ಊಟದ ಮನೆಯಲ್ಲೇ ನಾಲ್ಕು ಇದ್ದವು. ವೆಂಡೆಲ್‌ನದು ನಿವೃತ್ತಿಯ ದಿನ ಅವನು ಯಾರಿಗೂ ಹೇಳದೆ ಕೋಟಿನಲ್ಲಿಟ್ಟುಕೊಂಡು ಬಂದದ್ದು. ಬೀರ್ ಕುಡಿದಾಗಲೆಲ್ಲ ಆ ಕತೆ ಹೇಳುತ್ತಿದ್ದ. ಬೇರೆಯವರು ಗಾಡಿ ಮುಟ್ಟದಿರಲೆಂದು ಸುರಂಗದ ಜನ ತಲಾ ಒಂದೇ ಹ್ಯಾಂಡಲ್ ಇಟ್ಟುಕೊಂಡರು. ಇವರು ಪ್ರೀತಿಗೆ ಮನೆತುಂಬ ಇಟ್ಟುಕೊಂಡಿದ್ದರು. ಇಟ್ಟುಕೊಂಡೂ ಆ ಹಳೆಯ ನಿಯಮವನ್ನೇ ನಂಬಿದ್ದರು.

ಮುಂದೇನಾಗುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ಹೆದರಿಕೆ. ಡ್ರೈವರ್ ಕೂತ ಕೂಡಲೇ ಬ್ರೇಕ್ ಪರೀಕ್ಷೆ ಮಾಡುತ್ತಾನೆ. ಮೊದಲು ಸ್ವಲ್ಪ ಗಾಳಿ ಕೊಟ್ಟು ನೋಡುತ್ತಾನೆ. ಆಮೇಲೆ ಪೂರ್ತಿ ಎಳೆಯುತ್ತಾನೆ. ಪೂರ್ತಿ ಎಳೆದಾಗ ಗಾಲಿಗೂ ಶೂಗೂ ನಡುವೆ ಒಂದು ಕಾಗದವೂ ಇಡಿಯಾಗಿ ಉಳಿಯುವುದಿಲ್ಲ.

ಕೂಗಬೇಕು. ಕೂಗು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ವೆಂಡೆಲ್ ಎಂದೋ ಹೇಳಿದ್ದೊಂದು ನೆನಪಾಗಿ ಹಲ್ಲು ಕಚ್ಚಿಕೊಂಡ. ಒಮ್ಮೆ ನಿಲ್ದಾಣದೊಳಕ್ಕೆ ಬರುವಾಗ ಹಳಿಯ ಕಡೆಯಿಂದ ಯಾರೋ ಕಿರುಚಿದ್ದು ಕೇಳಿತಂತೆ. "ಕಿವಿಗೆ ಬಿದ್ದಿದ್ದು ತಲೆಗೆ ಹೋಗೋಕೆ ಮುಂಚೆ ಕೈಗೆ ಹೋಗತ್ತೆ ಕಣೋ. ಹ್ಯಾಂಡಲ್ ಪೂರ್ತಿ ಎಳೆದುಬಿಟ್ಟಿದ್ದೆ. ಈಗ್ಲೂ ಮನೇಲಿ ಮೊಮ್ಮಗಳು ಕಿರುಚಿದ್ರೆ ಕೈ ಹಂಗೇ ಹೋಗತ್ತೆ." ಹೇಳುತ್ತ ಮೇಜಿನ ಮೇಲೆ ಬಲಗೈ ಸರಕ್ಕನೆ ಎಳೆದು ತೋರಿಸಿದ್ದ. ಎಲ್ಲರೂ ನಕ್ಕಿದ್ದರು.

ಗುಂಡಿಯೊಳಗಿನಿಂದ ಬರುವ ಒಂದೇ ಒಂದು ಕೂಗು ಸಾಕಿತ್ತು.

ಮೇಲೆ ವೆಂಡೆಲ್ ಗುನುಗತೊಡಗಿದ. ಹಾಡಲ್ಲ, ನಿಲ್ದಾಣಗಳ ಹೆಸರು. ಒಂದಾದ ಮೇಲೊಂದು, ಮಗ್ಗಿ ಒಪ್ಪಿಸುವಂತೆ. ಕೆಲವು ನಿಲ್ದಾಣಗಳ ಹೆಸರು ಬದಲಾಗಿ ಎಷ್ಟೋ ಕಾಲವಾಗಿತ್ತು. ಒಂದು ಹೆಸರಿಗೆ ಬಂದು ತಡೆದ. ಮತ್ತೆ ಮೊದಲಿನಿಂದ ಶುರುಮಾಡಿದ. ಮತ್ತೆ ಅಲ್ಲೇ ತಡೆದ.

ಅವನು ಎಲ್ಲಿದ್ದಾನೆಂದು ಮಾರಿಸ್‌ಗೆ ತಿಳಿಯಿತು. ಈ ಗೋದಾಮಿನಲ್ಲಂತೂ ಇರಲಿಲ್ಲ.

ತಿಳಿಯದ್ದೇನಾಗಿರಲಿಲ್ಲ. ಹೋದ ತಿಂಗಳು ಒಂದು ಭಾನುವಾರ ವೆಂಡೆಲ್ ಪ್ಲಾಟ್‌ಫಾರ್ಮ್ ದಾಟಿ ಗಾಡಿಯನ್ನು ಬಿಟ್ಟೇಬಿಟ್ಟಿದ್ದ. ಹಳಿ ಮುಗಿಯುವ ದಿಮ್ಮಿಗೆ ಒಂದು ಮಾರು ಉಳಿದಿದೆ ಎನ್ನುವಾಗ ಅದು ನಿಂತಿತ್ತು. ದಿಮ್ಮಿಯ ಆಚೆ ನೀರು. ಒಳಗೆ ಜನ ಇದೂ ಆಟದ ಒಂದು ಭಾಗವೆಂದು ಚಪ್ಪಾಳೆ ತಟ್ಟಿದ್ದರು. ಆ ಸಂಜೆ ವೆಂಡೆಲ್‌ನ ಮಗಳು ಮಾರ್ವಾ, ಅಪ್ಪನನ್ನು ಕಾರಿನಲ್ಲಿ ಕೂರಿಸಿ ಬಂದು, ಮಾರಿಸ್‌ನನ್ನು ಪಕ್ಕಕ್ಕೆ ಕರೆದು ಅಪ್ಪನ ಮರೆವಿನ ಬಗ್ಗೆ ಡಾಕ್ಟರು ಏನು ಹೇಳಿದ್ದಾರೆಂದು ತಿಳಿಸಿದ್ದಳು. "ಇದನ್ನೂ ಕಿತ್ಕೊಂಡ್ರೆ ಅಪ್ಪ ಸೋಫಾ ಬಿಟ್ಟು ಏಳಲ್ಲ. ನೀವು ಪಕ್ಕದಲ್ಲೇ ಇರ್ತೀರಲ್ಲ. ಸ್ವಲ್ಪ ನೋಡ್ಕೊಳ್ಳಿ," ಅಂದಿದ್ದಳು. ಮಾರಿಸ್ ಆಗಲೆಂದಿದ್ದ. ಡಾಟ್ ಕೇಳಿದಾಗ, ಬ್ರೇಕ್ ಶೂ ಸವೆದಿದೆ, ಅದಕ್ಕೇ ಗಾಡಿ ಜಾರಿತು ಎಂದುಬಿಟ್ಟಿದ್ದ. ಹಾಗಾದರೆ ಬದಲಾಯಿಸು ಎಂದಿದ್ದಳು ಡಾಟ್. ಕಳಚಿದ ಹಳೆಯ ಶೂ ಈಗ ಅವನ ಕಾಲ ಬಳಿ ಬಿದ್ದಿತ್ತು. ಇನ್ನೂ ಎರಡು ಬೆರಳು ದಪ್ಪವಿತ್ತು. ಒಂದು ವರ್ಷ ಧಾರಾಳವಾಗಿ ಓಡುತ್ತಿತ್ತು.

ಸುಯ್ ಎಂದು ಗಾಳಿ ಹೊರಟಿತು.

ಸಲಾಕೆಗಳು ಒಂದನ್ನೊಂದು ತಳ್ಳಿಕೊಂಡು ಅವನ ಮುಖದ ಮುಂದೆಯೇ ಚಲಿಸಿದವು. ಶೂ ಬಂದು ಅವನ ಬೆರಳ ಗೆಣ್ಣುಗಳನ್ನು ಮುಟ್ಟಿತು. ಯಾರೋ ಕೈ ಕುಲುಕಲು ಬಂದಷ್ಟೇ ಮೃದುವಾಗಿ ಮುಟ್ಟಿತು. ಆಮೇಲೆ ಒತ್ತಿತು. ಗವಸಿನೊಳಗೆ ಚರ್ಮ ಕಿತ್ತು ಬೆಚ್ಚಗಾದದ್ದು ಗೊತ್ತಾಯಿತು. ಅಷ್ಟಕ್ಕೇ ನಿಂತಿತು. ವೆಂಡೆಲ್ ಗಾಳಿಯ ಒತ್ತಡ ತೋರಿಸುವ ಮಾಪಕದ ಮುಳ್ಳು ನೋಡುತ್ತಿದ್ದಾನೆ, ಗಾಳಿ ಎಲ್ಲಾದರೂ ಸೋರುತ್ತಿದೆಯೇ ಎಂದು. ನೋಡಿ ಆದ ಮೇಲೆ ಪೂರ್ತಿ ಎಳೆಯುತ್ತಾನೆ.

ಮಾರಿಸ್‌ನ ಬಲಗೈ ತಾನಾಗಿಯೇ ಜೇಬಿನ ಕಡೆ ಹೋಯಿತು. ಹ್ಯಾಂಡಲ್ ಎಡ ಜೇಬಿನಲ್ಲಿತ್ತು. ಮೈಯನ್ನು ಹಿಂಡಿದ ಬಟ್ಟೆಯ ಹಾಗೆ ತಿರುಚಿ, ಎಡತೋಳು ಭುಜದಲ್ಲಿ ಕಳಚಿ ಬರುವಂತೆ ಎಳೆದರೂ ಬಿಡದೆ, ಎರಡು ಬೆರಳಲ್ಲಿ ಅದರ ತುದಿ ಹಿಡಿದ. ಅದು ಜಾರಿತು. ಮತ್ತೆ ಹಿಡಿದ. ಕೆಳಗೆ ಬಿದ್ದರೆ ಮುಗಿಯಿತು. ಬೆವರು ಕಣ್ಣಿಗಿಳಿದು ಏನೂ ಕಾಣುತ್ತಿರಲಿಲ್ಲ. ಕೊನೆಗೂ ಹ್ಯಾಂಡಲ್ ಅಂಗೈಯೊಳಕ್ಕೆ ಬಂತು. ತೋಳೆತ್ತಿ, ಗೂಡಿನ ನೆಲದ ಉಕ್ಕಿನ ಪಟ್ಟಿಗೆ ಅದರಿಂದ ತಟ್ಟಿದ. ಒಂದು. ಇನ್ನೊಂದು. ಮೆಲ್ಲಗೆ, ಆತುರವಿಲ್ಲದವನಂತೆ.

ಅದು ಬದಲಿ ಡ್ರೈವರ್ ಬಂದಾಗಿನ ವಾಡಿಕೆ. ಸರದಿಗೆ ಬಂದವನು ತನ್ನ ಹ್ಯಾಂಡಲ್ಲಿನಿಂದ ಗೂಡಿನ ಬಾಗಿಲಿಗೆ ಎರಡು ಸಲ ತಟ್ಟುತ್ತಾನೆ. ಒಳಗಿರುವವನು ಬ್ರೇಕ್ ಸಡಿಲಿಸಿ, ತನ್ನದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಬಾಗಿಲು ತೆಗೆಯುತ್ತಾನೆ. ಒಂದೇ ಗೂಡಿನಲ್ಲಿ ಎರಡು ಹ್ಯಾಂಡಲ್ ಕೆಲಸ ಮಾಡಕೂಡದು. ಭಾನುವಾರಗಳಲ್ಲಿ ಕ್ಲಬ್ಬಿನವರು ದೊಡ್ಡ ಗಾಂಭೀರ್ಯದಿಂದ ಹಾಗೆ ತಟ್ಟಿ, ವೆಂಡೆಲ್‌ನಿಂದ ಬೈಸಿಕೊಳ್ಳುತ್ತಿದ್ದರು. ಮರಕುಟಿಗನ ಹಾಗೆ ಕುಟ್ಟಬೇಡಿ ಅನ್ನುತ್ತಿದ್ದ.

ಮೇಲೆ ಗುನುಗು ನಿಂತಿತು. ಏನೂ ಆಗಲಿಲ್ಲ. ಹೊರಗೆ ಕಡಲಹಕ್ಕಿಗಳು ಯಾವುದೋ ಚೂರಿಗಾಗಿ ಜಗಳವಾಡುತ್ತಿದ್ದವು.

"ಬಂದ್ಯಾ?" ನೆಲದ ಮೂಲಕ ವೆಂಡೆಲ್‌ನ ದನಿ ಕೇಳಿಸಿತು. ಯಾವತ್ತಿಗಿಂತ ಎಳೆಯ ದನಿ. "ಎಷ್ಟು ಹೊತ್ತು ಕಾಯೋದು ಮಾರಾಯ. ಹೆಂಡ್ತಿ ಬಿಡ್ಲಿಲ್ವಾ?"

ಹುಸ್ ಎಂದು ಗಾಳಿ ಸಡಿಲಿತು. ಶೂ ಬೆರಳುಗಳನ್ನು ಬಿಟ್ಟು ಹಿಂದೆ ಸರಿಯಿತು. ಹಿಂದೆ ಸರಿಯುವ ರಭಸಕ್ಕೆ ಬೆಣೆ ಒಮ್ಮೆ ಅಲುಗಿತು. ಮಾರಿಸ್ ಮೈಯ ಭಾರವೆಲ್ಲ ಹಾಕಿ ಜಗ್ಗಿದ. ಗವಸು ಅಲ್ಲೇ ಉಳಿಯಿತು, ಕೈ ಬಂತು. ಗುಂಡಿಯ ನೆಲಕ್ಕೆ ಕುಸಿದು ಕೂತ. ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದ. ಐದೂ ಮಡಚಿದವು. ಹ್ಯಾಂಡಲ್ಲನ್ನು ಮತ್ತೆ ಜೇಬಿಗೆ ಹಾಕಿಕೊಂಡು ಎದ್ದ.

ಅವನು ಬೋಗಿ ಹತ್ತಿದಾಗ ವೆಂಡೆಲ್ ಗೂಡಿನ ಬಾಗಿಲು ತೆರೆದುಕೊಂಡು ನಿಂತಿದ್ದ. ಹ್ಯಾಂಡಲ್ ಎದೆಗವಚಿಕೊಂಡಿದ್ದ. ಖಾಲಿ ಸೀಟುಗಳನ್ನೂ, ಕಿಟಕಿಯಾಚೆ ಇಟ್ಟಿಗೆ ಗೋಡೆಯನ್ನೂ ನೋಡುತ್ತಿದ್ದ.

"ನಾನು ನಿಮ್ಮ ಬದಲಿ, ಮಿಸ್ಟರ್ ಗಿಟನ್ಸ್," ಅಂದ ಮಾರಿಸ್.

"ಬ್ರೇಕ್ ಸ್ವಲ್ಪ ಚುರುಕಿದೆ. ನದಿ ಕೆಳಗೆ ಇಳೀವಾಗ ಹುಷಾರು. ಮುಂಚೇನೇ ಹಿಡಿ." ಹೇಳುತ್ತಿದ್ದ ಹಾಗೆ ಅವನ ಕಣ್ಣು ಮಾರಿಸ್‌ನ ಕೈಗೆ ಬಿತ್ತು. ಗೆಣ್ಣುಗಳಿಂದ ರಕ್ತ ಇಳಿದು ಬೆರಳ ತುದಿಯಲ್ಲಿ ನಿಂತಿತ್ತು. ವೆಂಡೆಲ್ ಆ ಕೈಯನ್ನು ನೋಡಿದ. ನೆಲ ನೋಡಿದ. ಮತ್ತೆ ಕೈ ನೋಡಿದ. ಅವನ ಮುಖ ನಿಧಾನವಾಗಿ ಮುದಿಯಾಯಿತು.

"ಮಾರಿಸ್," ಅಂದ. "ಎಲ್ಲಿತ್ತು ಇದು?"

ಮಾರಿಸ್ ಕೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡ.

"ಕೆಳಗಿತ್ತಾ?"

"ಏನೂ ಆಗಿಲ್ಲ. ತರಚಿದೆ ಅಷ್ಟೆ."

ವೆಂಡೆಲ್ ಬೆತ್ತದ ಸೀಟಿನ ಅಂಚಿಗೆ ಕೂತುಕೊಂಡ. ಯಾರಿಗಾದರೂ ಕೇಳಿಸೀತೆಂಬಂತೆ ಸಣ್ಣಗೆ, "ಜೇ ಸ್ಟ್ರೀಟ್ ಆದ್ಮೇಲೆ ಯಾವ್ದು ಕಣೋ?" ಎಂದು ಕೇಳಿದ. ಮಾರಿಸ್ ಹೇಳಿದ. ವೆಂಡೆಲ್ ತಲೆಯಾಡಿಸಿ ಅದನ್ನು ಬಾಯೊಳಗೇ ಎರಡು ಸಲ ಅಂದುಕೊಂಡ. ಹೆದರಿದ್ದು ತಾನೊಬ್ಬನೇ ಎಂದುಕೊಂಡಿದ್ದ ಮಾರಿಸ್, ಅವನ ಪಕ್ಕ ಕೂತ.

ಗೋದಾಮಿನ ಬಾಗಿಲು ದಡಾರೆಂದಿತು. ಡಾಟ್ ಮಲೋಯ್ ಮೂರು ಕಾಫಿಯನ್ನೂ ಬೇಗಲ್ ಬನ್ನುಗಳ ಚೀಲವನ್ನೂ ಹೊತ್ತು ಬಂದಳು. ಅಂಗಡಿಯ ಕ್ಯೂ ಬಗ್ಗೆ, ಹಾಳು ಗಾಳಿಯ ಬಗ್ಗೆ ಒಂದೇ ಉಸಿರಲ್ಲಿ ದೂರುತ್ತಿದ್ದಳು. ಇಬ್ಬರೂ ಇಳಿದು ಕೆಲಸದ ಮೇಜಿನ ಹತ್ತಿರ ಹೋಗಿ ಕೂತರು. ಡಾಟ್ ಕಾಫಿಯನ್ನು ಅಲ್ಲಿಟ್ಟು, ಗುಂಡಿಯೊಳಗೆ ಇಣುಕಿ ನೋಡಿ, ಇಳಿದು ಹಳೆಯ ಶೂವನ್ನು ತಂದು ಮೇಜಿನ ಮೇಲಿಟ್ಟಳು. ಅದರ ಅಂಚಿಗೆ ಹೆಬ್ಬೆರಳಿಟ್ಟು ಅಳೆದಳು. ಗೋಡೆಯ ಮೇಲಿನ ನೀಲಿ ಬಾವುಟ ನೋಡಿದಳು. ಮಾರಿಸ್‌ನ ಕೈ ನೋಡಿದಳು. ದೂರುವುದು ನಿಂತಿತು.

"ಇದು ಸವೆದೇ ಇಲ್ವಲ್ಲ ಮಾರಿಸ್."

ಮಾರಿಸ್ ಬಾಯಿ ತೆರೆದ. ಹೇಳಬೇಕಾದ್ದು ಅವನಲ್ಲಿ ಆಗಲೇ ಸಿದ್ಧವಾಗಿತ್ತು: ನನ್ನದೇ ತಪ್ಪು, ಬೇರೆ ಗಾಲಿಯದನ್ನು ಕಳಚಿಬಿಟ್ಟೆ. ಅಷ್ಟರಲ್ಲಿ ವೆಂಡೆಲ್ ಕೈ ಮುಂದೆ ಚಾಚಿ, ತನ್ನ ಹ್ಯಾಂಡಲ್ಲನ್ನು ಕಾಫಿ ಲೋಟಗಳ ಪಕ್ಕದಲ್ಲಿ ಮೇಜಿನ ಮೇಲಿಟ್ಟ. ಸದ್ದಾಗದ ಹಾಗೆ ಇಟ್ಟ.

"ನನ್ನ ಬದಲಿ ಬಂದಿದ್ದಾನೆ ಡಾಟ್," ಅಂದ.

ಕಾಫಿಯ ಹಬೆ ತಾಗಿ ಹಿತ್ತಾಳೆ ಮಸುಕಾಗುತ್ತಿತ್ತು. ಡಾಟ್ ಒಂದು ಲೋಟವನ್ನು ಅವನ ಮುಂದಕ್ಕೆ ಸರಿಸಿದಳು. ವೆಂಡೆಲ್ ಅದನ್ನು ಎಡಗೈಯಲ್ಲಿ ತೆಗೆದುಕೊಂಡ. ಬಲಗೈ ತೊಡೆಯ ಮೇಲಿತ್ತು, ಬೆರಳುಗಳು ಏನನ್ನೋ ಹಿಡಿದಿರುವಂತೆ ಅರ್ಧ ಮಡಚಿಕೊಂಡೇ ಇದ್ದವು.